ಅಪಘಾತ ನಡೆದ ದಿನ ಮತ್ತು ಗಂಟೆ

ನನ್ನ ದೊಡ್ಡಮ್ಮ ಹುಟ್ಟುಕಿವುಡಿ ಎಂಬ ಸಂಗತಿ ಅವಳಿಗೇ ತಿಳಿದದ್ದು ಅವಳ ಐವತ್ತಾರನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಸಂಜೆ, ಬಟ್ಟೆ ಗಿರಣಿಯ ತಲೆಬರಹವಿದ್ದ ಒಂದು ಕಾಗದದಿಂದ.

ಕಾಗದ ತಂದವನು ಗಿರಣಿಯ ಸಿಬ್ಬಂದಿ ಅಧಿಕಾರಿ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಅಷ್ಟೇ ಇಸ್ತ್ರಿ ಮಾಡಿದ ನಗು. ನಮ್ಮ ಮನೆಯ ನಡುಕೋಣೆಯಲ್ಲಿ ಕೂತು, ಅಮ್ಮ ಕೊಟ್ಟ ಚಹಾ ಕುಡಿದು, ದೊಡ್ಡಮ್ಮನ ಕಡೆ ಬಾಗಿ, ಒಂದೊಂದು ಅಕ್ಷರಕ್ಕೂ ಬಾಯಿ ಹಿಗ್ಗಿಸುತ್ತ, ಎಮ್ಮೆಗೆ ಪಾಠ ಹೇಳುವವನ ಹಾಗೆ ಮಾತಾಡಿದ. ತುಟಿ ನೋಡಿ ಮಾತು ತಿಳಿಯುವವರಿಗೆ ಅದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ. ದೊಡ್ಡಮ್ಮ ಎರಡು ನಿಮಿಷ ಅವನ ಬಾಯನ್ನೇ ನೋಡಿ, ನನ್ನ ಕಡೆ ತಿರುಗಿ, "ಇವನಿಗೇನು, ಹಲ್ಲುನೋವಾ?" ಅಂತ ಕೇಳಿದಳು.

ಕಾಗದದಲ್ಲಿದ್ದ ವಾಕ್ಯ ಒಂದೇ: "ನಾನು ಜನ್ಮತಃ ಶ್ರವಣದೋಷವುಳ್ಳವಳಾಗಿದ್ದು, ಸದರಿ ಸಂಸ್ಥೆಯು ಈ ವಿಷಯ ತಿಳಿದಿದ್ದೂ ನನ್ನನ್ನು ಕೆಲಸಕ್ಕೆ ತೆಗೆದುಕೊಂಡು, ಮೂವತ್ತೇಳು ವರ್ಷಗಳ ಕಾಲ ನನ್ನ ವಿಶೇಷ ಸಾಮರ್ಥ್ಯವನ್ನು ಗೌರವಿಸಿದೆ." ಕೆಳಗೆ ಸಹಿಗೊಂದು ಗೆರೆ. ಗೆರೆಯ ಪಕ್ಕದಲ್ಲಿ ಪೆನ್ಸಿಲ್ಲಿನ ಗುರುತು. ಕಿವಿ ಕೇಳದವರಿಗೆ ಗೆರೆಯೂ ಕಾಣದೇನೋ ಅನ್ನುವ ಮುತುವರ್ಜಿ ಇರಬೇಕು.

ಹತ್ತೊಂಬತ್ತನೇ ವಯಸ್ಸಿನಲ್ಲಿ ದೊಡ್ಡಮ್ಮ ಆ ಗಿರಣಿಗೆ ಸೇರುವಾಗ ಅವಳ ಕಿವಿ ಹೇಗಿತ್ತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮೂರನೇ ಮನೆಯ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ಇಲ್ಲಿಂದಲೇ ಕೂಗಿ ಹೇಳುತ್ತಿದ್ದಳಂತೆ. ಅಮ್ಮ ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಅಕ್ಕನಿಗೆ ಗೊತ್ತಾಗದ ಹಾಗೆ ಡಬ್ಬಿಯಿಂದ ಬೆಲ್ಲ ಕದಿಯಲು ಒಮ್ಮೆಯೂ ಆಗಲಿಲ್ಲವೆಂಬ ಕೊರಗು ಅವಳಿಗೆ ಇವತ್ತಿಗೂ ಇದೆ.

ಅದೂ ಅಲ್ಲದೆ, ಗಿರಣಿಯವರು ಆಗ ಕಿವಿ ಪರೀಕ್ಷಿಸಿಯೇ ತೆಗೆದುಕೊಳ್ಳುತ್ತಿದ್ದರು. ಮಗ್ಗದ ಶೆಡ್ಡಿನಲ್ಲಿ ಅಷ್ಟು ಗದ್ದಲದ ನಡುವೆಯೂ ಒಂದು ಎಳೆ ಹರಿದರೆ ಅದರ ಚಿಟ್ ಸದ್ದು ನೇಯುವವರಿಗೆ ಕೇಳಬೇಕು. ಇಲ್ಲದಿದ್ದರೆ ಮಾರುಗಟ್ಟಲೆ ಬಟ್ಟೆ ಹಾಳು. ಅದಕ್ಕಾಗಿ ಕಂಪನಿಯ ಡಾಕ್ಟರು ಸೇರುವವರನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಹಿಂದೆ ಇಪ್ಪತ್ತು ಅಡಿ ದೂರ ನಿಂತು ಪಿಸುಗುಟ್ಟುತ್ತಿದ್ದರು. ಕೂತವರು ಅದನ್ನು ತಿರುಗಿ ಹೇಳಬೇಕು. ದೊಡ್ಡಮ್ಮನ ಸರದಿಯಲ್ಲಿ ಡಾಕ್ಟರು "ಕುದುರೆ" ಅಂದರಂತೆ, ಇವಳು ಕುದುರೆ ಅಂದಳು. "ಹದಿನೇಳು" ಅಂದರು, ಹದಿನೇಳು ಅಂದಳು. ಆಮೇಲೆ ಇನ್ನೂ ಮೆಲ್ಲಗೆ "ನಾಳೆ ಬಾ" ಅಂದರು. ಇವಳು ಎದ್ದು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟಳು. ಗೇಟಿನ ತನಕ ಓಡಿಹೋಗಿ ಕರೆದುಕೊಂಡು ಬರಬೇಕಾಯಿತು. ಡಾಕ್ಟರು ನಗುನಗುತ್ತ ದೊಡ್ಡ ವಹಿಯಲ್ಲಿ ಏನೋ ಬರೆದುಕೊಂಡರಂತೆ.

ಅಂಥ ಕಿವಿಯನ್ನು ಆ ಶೆಡ್ಡು ಹದಿಮೂರು ವರ್ಷದಲ್ಲಿ ತಿಂದು ಮುಗಿಸಿತು.

ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ನನಗೆ ಕಾನೂನು ಗೊತ್ತಿರುವುದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗುವವರಿಗೆ ಅಡಿಗೆ ಗೊತ್ತಿರುವ ಹಾಗೆ, ವಾಸನೆಯಿಂದ. ಆದರೆ ದೊಡ್ಡಮ್ಮನ ಕಿವಿಯ ವಿಷಯದಲ್ಲಿ ಇಷ್ಟು ವರ್ಷದಲ್ಲಿ ಬಂದ ಮೂರು ಕಾನೂನುಗಳನ್ನೂ ಆದ್ಯಂತ ಟೈಪು ಮಾಡಿದ್ದೇನೆ.

ಮೊದಲನೆಯದು ಅವಳು ಕೆಲಸಕ್ಕೆ ಸೇರಿದಾಗ ಇದ್ದದ್ದು. ಅದರ ಕೊನೆಗೊಂದು ಪಟ್ಟಿ. ಕಸಾಯಿ ಅಂಗಡಿಯ ಗೋಡೆಯ ಮೇಲಿನ ಚಿತ್ರದ ಹಾಗೆ ಮನುಷ್ಯನನ್ನು ತುಂಡು ತುಂಡಾಗಿ ಬೆಲೆ ಕಟ್ಟಿದ್ದರು. ಹೆಬ್ಬೆರಳಿಗೆ ಇಷ್ಟು, ಕಿರುಬೆರಳಿಗೆ ಇಷ್ಟು, ಒಂದು ಕಣ್ಣಿಗೆ ಇಷ್ಟು. ಕಿವಿಗೂ ಇತ್ತು. ಆದರೆ ಪರಿಹಾರ ಸಿಗುವುದು ಅಪಘಾತಕ್ಕೆ ಮಾತ್ರ. ದೊಡ್ಡಮ್ಮ ಮೂವತ್ತೆರಡನೇ ವಯಸ್ಸಿನಲ್ಲಿ ಅರ್ಜಿ ಹಾಕಿದ್ದಳು. ಅದರಲ್ಲಿ ಒಂಬತ್ತನೇ ಪ್ರಶ್ನೆ: ಅಪಘಾತ ನಡೆದ ದಿನ ಮತ್ತು ಗಂಟೆ. ಇವಳು ಬರೆದಳು: "ಪ್ರತಿದಿನ, ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ." ಅರ್ಜಿ ತಪ್ಪಾಗಿ ತುಂಬಿದೆ ಎಂದು ವಾಪಸು ಬಂತು. ಆ ಕಾಗದವನ್ನು ಅವಳು ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ.

ಎರಡನೆಯ ಕಾನೂನು ಬರುವ ಹೊತ್ತಿಗೆ ಜಗತ್ತಿಗೆ ಕರುಣೆ ಉಕ್ಕಿತ್ತು. ದೇಹವನ್ನು ಶೇಕಡಾವಾರು ಅಳೆದು ಕಾರ್ಡು ಕೊಡುತ್ತಿದ್ದರು, ಬಸ್ಸಿನಲ್ಲಿ ಅರ್ಧ ಟಿಕೀಟು. ಶೆಡ್ಡಿನಲ್ಲಿ ಒಬ್ಬಳು ನಂಬಿ ಕಾರ್ಡು ಮಾಡಿಸಿದಳು. ಮಾರನೇ ತಿಂಗಳು ಗಿರಣಿ ಅವಳನ್ನು ಅನರ್ಹಳೆಂದು ಮನೆಗೆ ಕಳಿಸಿತು. ಕೆಲಸಕ್ಕೆ ಹೋಗುವ ಬಸ್ಸಿಗೆ ಅರ್ಧ ಟಿಕೀಟು ಸಿಕ್ಕಿತು, ಹೋಗಲು ಕೆಲಸ ಉಳಿಯಲಿಲ್ಲ. ಅಂದಿನಿಂದ ಶೆಡ್ಡಿನವರೆಲ್ಲ ಹರಿದ ಎಳೆಯನ್ನು ಕಣ್ಣಿನಿಂದಲೇ ಹಿಡಿಯಲು, ಕಿವಿ ಚೆನ್ನಾಗಿರುವವರ ಹಾಗೆ ನಟಿಸಲು ಕಲಿತರು.

ಮೂರನೆಯದು ಮೊನ್ನೆ ಮೊನ್ನೆಯದು. ಇದರ ಭಾಷೆ ಎಷ್ಟು ಸೊಗಸಾಗಿದೆಯೆಂದರೆ ಟೈಪು ಮಾಡುವಾಗ ನನಗೆ ಮೈ ಜುಮ್ಮೆಂದಿತ್ತು. ವೈಕಲ್ಯ ಇರುವುದು ದೇಹದಲ್ಲಷ್ಟೇ ಅಲ್ಲ. ಒಂದು ದೇಹಕ್ಕೆ ಅದರ ಸುತ್ತಲಿನವರು ಒಡ್ಡಿದ ಅಡ್ಡಿಗಳು ಎದುರಾದಾಗ ಅದು ಉಂಟಾಗುತ್ತದೆ ಅಂತ ಅದರ ಒಕ್ಕಣೆ. ನಾನು ಅದನ್ನು ಮನೆಗೆ ತಂದು ದೊಡ್ಡಮ್ಮನಿಗೆ ಓದಲು ಕೊಟ್ಟೆ. ಅವಳು ಕನ್ನಡಕ ಹಾಕಿ ಎರಡು ಸಲ ಓದಿ, "ಚೆನ್ನಾಗಿದೆ ಕಣೇ. ಅಡ್ಡಿ ಇಟ್ಟೋರು ಯಾರು ಅಂತ ಬರೆಯೋಕೆ ಎಲ್ಲಿ ಜಾಗ ಬಿಟ್ಟಿದಾರೆ?" ಅಂದಳು. ನಾನು ಹುಡುಕಿದೆ. ಬಿಟ್ಟಿರಲಿಲ್ಲ.

ಈ ಕಾನೂನಿನ ಪ್ರಕಾರ ನೂರು ಜನ ಕೆಲಸ ಮಾಡುವಲ್ಲಿ ನಾಲ್ಕು ಜನ ವೈಕಲ್ಯವುಳ್ಳವರು ಇರಬೇಕು. ಗಿರಣಿಯಲ್ಲಿ ಎಂಟುನೂರು ಜನ. ಮೂವತ್ತೆರಡು ಜನ ಬೇಕಾಗಿದ್ದರು, ಇದ್ದದ್ದು ಸೊನ್ನೆ. ಹೊಸಬರನ್ನು ತೆಗೆದುಕೊಳ್ಳುವುದೆಂದರೆ ತೊಂದರೆ. ಆಗ ಯಾರಿಗೋ ಹೊಳೆಯಿತು, ಮಗ್ಗದ ಶೆಡ್ಡಿನಲ್ಲಿ ಬೇಕಾದಷ್ಟು ಜನ ಸಿದ್ಧವಾಗಿಯೇ ಇದ್ದಾರಲ್ಲ! ಇಷ್ಟು ವರ್ಷ ಬಟ್ಟೆಯ ಜೊತೆಜೊತೆಗೆ ಗಿರಣಿ ತಯಾರಿಸಿದ್ದ ಈ ಇನ್ನೊಂದು ಸರಕಿಗೆ ಈಗ ಬೆಲೆ ಬಂದಿತ್ತು. ಆರೋಗ್ಯ ತಪಾಸಣೆ ಅಂತ ಹೇಳಿ ಅವರನ್ನೆಲ್ಲ ಕಂಪನಿ ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದರು. ಸರಿಯಾಗಿ ಮೂವತ್ತೆರಡು ಜನರಿಗೆ ಸರ್ಟಿಫಿಕೇಟು ಮಾಡಿಸಿದರು. ಕಾನೂನು ಹೊಸದಾದರೂ ಅಲ್ಲಿಯ ಫಾರಂ ಹಳೆಯದು, ಅಚ್ಚು ಹಾಕಿಸಿಟ್ಟದ್ದು ಇನ್ನೂ ಮುಗಿದಿರಲಿಲ್ಲವಂತೆ. ವೈಕಲ್ಯ ಎದ್ದು ಕಾಣುವ ಭಾವಚಿತ್ರ ಅಂಟಿಸಬೇಕೆಂದು ಅದರಲ್ಲಿತ್ತು. ಕೇಳದ ಕಿವಿ ಫೋಟೋದಲ್ಲಿ ಎದ್ದು ಕಾಣುವುದು ಹೇಗೆ? ಫೋಟೋದವನು ಬುದ್ಧಿವಂತ. ಎಲ್ಲರಿಗೂ ಕಿವಿಯ ಹಿಂದೆ ಅಂಗೈ ಇಟ್ಟುಕೊಳ್ಳಲು ಹೇಳಿದ. ಮೂವತ್ತೆರಡು ನುರಿತ ನೇಕಾರರು ಸಾಲಾಗಿ ಕೂತು, ಕದ್ದು ಕೇಳುವವರ ಹಾಗೆ ಕಿವಿಗೆ ಕೈಹಚ್ಚಿ ಫೋಟೋ ತೆಗೆಸಿಕೊಂಡರು.

ಉಳಿದದ್ದು ಒಂದೇ ತೊಡಕು. ಗಿರಣಿಯೇ ಕಿವುಡು ಮಾಡಿದವರನ್ನು ಗಿರಣಿ ಉದ್ಧರಿಸಿದೆ ಅನ್ನಲು ಬರುವುದಿಲ್ಲ. ಅದಕ್ಕೇ ಈ ಕಾಗದ. ಈ ಕಾನೂನಿನ ಜಾರಿ ನೋಡಿಕೊಳ್ಳುವ ಸರ್ಕಾರದ ಆಯುಕ್ತೆ ಶುಕ್ರವಾರ ತಪಾಸಣೆಗೆ ಬರುವವರಿದ್ದರು. ಎಲ್ಲ ಸರಿಯಿದ್ದರೆ ಗಿರಣಿಗೊಂದು ಪ್ರಶಸ್ತಿ ಕೂಡ.

ಸಹಿ ಹಾಕಿದರೆ ದೊಡ್ಡಮ್ಮನನ್ನು ಶೆಡ್ಡಿನಿಂದ ಮಾದರಿ ಬಟ್ಟೆಯ ಕೋಣೆಗೆ ಹಾಕುತ್ತಾರೆ, ನಿವೃತ್ತಿಗೆ ಉಳಿದ ಎರಡು ವರ್ಷ ಕುರ್ಚಿಯ ಮೇಲೆ ಕೂತು ಕಳೆಯಬಹುದು. ಹಾಕದಿದ್ದರೆ ಏನು ಅನ್ನುವುದನ್ನು ಅಧಿಕಾರಿ ಚಹಾದ ಕೊನೆಯ ಗುಟುಕಿನ ಜೊತೆ, ನನ್ನ ಕಡೆ ತಿರುಗಿ ಮಾಮೂಲಿ ದನಿಯಲ್ಲಿ ಹೇಳಿದ. ಬೆಂಕಿಯ ಗಂಟೆ ಕೇಳದವರು ಶೆಡ್ಡಿನಲ್ಲಿ ಇರಕೂಡದು ಅಂತ ಸುರಕ್ಷತಾ ನಿಯಮ ಇದೆ. ಬರುವ ತಿಂಗಳ ಒಂದನೇ ತಾರೀಕಿನಿಂದ ಜಾರಿಗೆ ತರಬೇಕಾಗಬಹುದು. ಸಹಿಯಿದ್ದರೆ ವಿಶೇಷ ಸಾಮರ್ಥ್ಯ, ಇಲ್ಲದಿದ್ದರೆ ಅದೇ ಕಿವಿ ಅಪಾಯಕಾರಿ. ಇದನ್ನೆಲ್ಲ ಹೇಳುವಾಗಲೂ ಅವನ ನಗು ಒಂದು ಮಡಿಕೆಯೂ ಕೆಡಲಿಲ್ಲ.

ಡಾಕ್ಟರು ಬರೆದುಕೊಂಡ ಆ ವಹಿಯಾದರೂ ಸಾಕ್ಷಿಗೆ ಸಿಗಬಹುದೆಂದು ವಾರದ ಹಿಂದೆ, ಸರ್ಟಿಫಿಕೇಟಿನ ಗುಟ್ಟು ತಿಳಿದ ಕೂಡಲೇ, ನಮ್ಮ ವಕೀಲರ ಕೈಯಲ್ಲಿ ಗಿರಣಿಗೊಂದು ಪತ್ರ ಬರೆಸಿದ್ದೆ. ಸೇರ್ಪಡೆ ತಪಾಸಣೆಯ ಹಳೆಯ ವಹಿಗಳನ್ನು ಗೆದ್ದಲು ತಿಂದಿವೆ ಅಂತ ಉತ್ತರ ಬಂದಿತ್ತು. ಗೆದ್ದಲು ಹಿಡಿದದ್ದಕ್ಕೆ ವಿಷಾದವನ್ನೂ ಸೂಚಿಸಿದ್ದರು.

ಅಧಿಕಾರಿ ಹೋದ ಮೇಲೆ ಅಮ್ಮ, "ಹಾಕಿಬಿಡಕ್ಕ, ಎರಡು ವರ್ಷ ತಾನೆ" ಅಂದಳು. ಹೇಳಲು ನಾಚಿಕೆಯಾಗುತ್ತದೆ, ನಾನೂ ಅದನ್ನೇ ಹೇಳಿದೆ. ಕಾನೂನಿನ ವಾಸನೆ ಗೊತ್ತಿದ್ದವಳಲ್ಲವೇ. ಸಾಕ್ಷಿಯಿಲ್ಲದ ಮೊಕದ್ದಮೆ ಎಷ್ಟು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಯಾರ್‍ಯಾರು ಉಳಿದಿರುತ್ತಾರೆ, ಎಲ್ಲ ಲೆಕ್ಕ ಹಾಕಿ ವಿವರಿಸಿದೆ. ಮಿಕ್ಕ ಮೂವತ್ತೊಂದು ಜನ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳಾದ ಇವಳು ಏನು ಮಾಡುತ್ತಾಳೆಂದು ನೋಡಿ ತಾವೂ ಅದನ್ನೇ ಮಾಡುವವರಿದ್ದರು. ಅದನ್ನು ಮಾತ್ರ ವಿವರಿಸಲಿಲ್ಲ.

ದೊಡ್ಡಮ್ಮ ನನ್ನ ತುಟಿಯನ್ನೇ ಕೊನೆಯವರೆಗೂ ನೋಡಿದಳು. ಅವಳ ಸಿಟ್ಟು ಏರಿದರೆ ದನಿ ಇಳಿಯುತ್ತದೆ. ಆ ದಿನ ಅವಳ ಮಾತು ಕೇಳಲು ನಾವೇ ಹತ್ತಿರ ಬಾಗಬೇಕಾಯಿತು.

"ನೀನು ಹುಟ್ಟಿದಾಗ ಅತ್ತಿದ್ದು ಕೇಳಿದೀನಿ ನಾನು. ನಿನ್ನ ತಮ್ಮ ಅತ್ತಿದ್ದು ಕೇಳಲಿಲ್ಲ. ಆರು ವರ್ಷ ಅಂತರ. ಆ ಆರು ವರ್ಷ ಎಲ್ಲಿದ್ದೆ ಅಂತ ನಂಗೊತ್ತು, ಅವರಿಗೂ ಗೊತ್ತು. ಕಿವಿ ತಗೊಂಡ್ರು, ಆಯ್ತು. ಈಗ ನಂಗೆ ಕಿವಿ ಇತ್ತು ಅನ್ನೋದನ್ನೂ ತಗೋತಾರಾ?"

ಅಮ್ಮ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಮುಖ ಪಕ್ಕಕ್ಕೆ ತಿರುಗಿಸಿದೆ. ಏನು ಹೇಳಿದ್ದರೂ ತುಟಿ ನೋಡಿ ಸುಳ್ಳು ಅಂತ ಕಂಡುಹಿಡಿಯುತ್ತಿದ್ದಳು.

ಶುಕ್ರವಾರ ನಾನೂ ಗಿರಣಿಗೆ ಹೋದೆ. ವೈಕಲ್ಯವುಳ್ಳವರು ತಪಾಸಣೆಯ ದಿನ ಜೊತೆಗೊಬ್ಬ ಸಹಾಯಕರನ್ನು ಕರೆತರಬಹುದು ಎಂದು ಹೊಸ ಕಾನೂನಿನಲ್ಲಿದೆ. ಹಾಗಾಗಿ ನಾನು ಸಹಾಯಕಿ.

ಶೆಡ್ಡಿನೊಳಗೆ ಕಾಲಿಟ್ಟ ಮೇಲೆ ಯಾರು ಯಾರಿಗೆ ಸಹಾಯಕಿ ಅನ್ನುವುದು ಸ್ಪಷ್ಟವಾಯಿತು. ನಲವತ್ತೆಂಟು ಮಗ್ಗಗಳ ಸದ್ದು ಕಿವಿಗೆ ಬರುವುದಿಲ್ಲ, ಎದೆಗೆ ಬರುತ್ತದೆ. ಹಲ್ಲಿನ ಬೇರುಗಳು ನಡುಗುತ್ತವೆ. ನನ್ನ ಮಾತು ನನಗೇ ಕೇಳಿಸದು. ಅವರು ಮಾತ್ರ ಆರಾಮಾಗಿ ಹರಟುತ್ತಿದ್ದರು. ಈ ಮೂಲೆಯವಳು ಸದ್ದೇ ಇಲ್ಲದೆ ತುಟಿ ಆಡಿಸಿ ಆ ಮೂಲೆಯವಳ ಮಗಳ ಮದುವೆ ವಿಚಾರಿಸುತ್ತಾಳೆ, ಅವಳು ಎಂಟು ಮಗ್ಗಗಳಾಚೆಯಿಂದ ಉತ್ತರ ಕೊಡುತ್ತಾಳೆ, ನಡುವಿನ ಗಂಡಸೊಬ್ಬ ಅದಕ್ಕೊಂದು ಕೊಂಕು ಸೇರಿಸುತ್ತಾನೆ, ಸಾಲು ಸಾಲೇ ನಗುತ್ತದೆ. ಕೇಳುವ ಎರಡು ಕಿವಿ ಹೊತ್ತುಕೊಂಡು ಆ ಜಾಗದಲ್ಲಿ ಪೆದ್ದಿಯಂತೆ ನಿಂತವಳು ನಾನೊಬ್ಬಳೇ. ನನ್ನ ಬಗ್ಗೆಯೂ ಏನೋ ಅಂದರು. ಏನೆಂದು ದೊಡ್ಡಮ್ಮ ಇವತ್ತಿಗೂ ಹೇಳಿಲ್ಲ.

ಶೆಡ್ಡಿನ ಒಂದು ತುದಿಗೆ, ನಾಲ್ಕು ಮೆಟ್ಟಿಲು ಎತ್ತರದಲ್ಲಿ, ಮ್ಯಾನೇಜರನ ಗಾಜಿನ ಕೋಣೆ. ಕೆಲಸದವರ ಮೇಲೆ ಕಣ್ಣಿಡಲೆಂದು ಮೂರು ಕಡೆ ಗಾಜು. ಸದ್ದು ಒಳಗೆ ಹೋಗದಂತೆ ಎರಡು ಪದರ. ಒಳಗಿನವರು ಹೊರಗಿನವರನ್ನು ನೋಡಲೆಂದು ಕಟ್ಟಿದ ಗಾಜು ಹೊರಗಿನವರಿಗೂ ಕಾಣಿಸುತ್ತದೆ ಅನ್ನುವುದು ಇಷ್ಟು ವರ್ಷದಲ್ಲಿ ಯಾವ ಮ್ಯಾನೇಜರನಿಗೂ ಹೊಳೆದಿರಲಿಲ್ಲ. ಹೊರಗಿರುವವರು ಕಿವುಡರು ತಾನೆ. ಯಾರಿಗೆ ಬಡ್ತಿ, ಯಾರ ಮೇಲೆ ಕತ್ತಿ, ಮಾಲೀಕರ ಮನೆಯಲ್ಲಿ ಏನು ಜಗಳ, ಎಲ್ಲವೂ ಶೆಡ್ಡಿಗೆ ಮೊದಲೇ ಗೊತ್ತು. ಹಿಂದಿನ ಮ್ಯಾನೇಜರನಿಗೆ ಮೇಲ್ದುಟಿ ಮುಚ್ಚುವ ಪೊದೆ ಮೀಸೆ. ಅವನ ಕಾಲವನ್ನು ಶೆಡ್ಡಿನವರು ಬರಗಾಲ ಅಂತ ನೆನೆಯುತ್ತಾರೆ, ಹನ್ನೊಂದು ವರ್ಷ ಒಂದು ಸುದ್ದಿ ಇಲ್ಲ. ಈಗಿನವನದ್ದು ನುಣ್ಣಗೆ ಬೋಳಿಸಿದ ಮುಖ, ಅಗಲವಾದ ಬಾಯಿ, ತಿದ್ದಿ ಬರೆದಂಥ ತುಟಿ. ಅವನಿಗೆ ಶೆಡ್ಡಿನವರು ಇಟ್ಟ ಹೆಸರು ದಪ್ಪಕ್ಷರ. ಕನ್ನಡಕವಿಲ್ಲದೆಯೂ ಓದಬಹುದು ಅಂತ.

ಆಯುಕ್ತೆ ಹತ್ತು ಗಂಟೆಗೆ ಬಂದರು. ಐವತ್ತರ ಹೆಂಗಸು, ಒಂದು ಕಾಲು ಗಿಡ್ಡ, ಕೈಯಲ್ಲಿ ಊರುಗೋಲು. ಅವರಿಗಾಗಿ ಬಾಗಿಲಲ್ಲಿ ಹಿಂದಿನ ದಿನವಷ್ಟೇ ಹಲಗೆಯ ಇಳಿಜಾರು ಮಾಡಿ ಹಸಿರು ಬಣ್ಣ ಬಳಿದಿದ್ದರು, ಒಣಗಿರಲಿಲ್ಲ. ಅವರ ಒಂದು ಚಪ್ಪಲಿ ಅಲ್ಲೇ ಅಂಟಿಕೊಂಡಿತು. ಸಿಬ್ಬಂದಿ ಅಧಿಕಾರಿ ಬಗ್ಗಿ ಅದನ್ನು ಕಿತ್ತುಕೊಟ್ಟ, ನಗುತ್ತಲೇ. ಅವರು ನಗಲಿಲ್ಲ.

ಗಾಜಿನ ಕೋಣೆಯಲ್ಲಿ ಕಾಗದ ನೋಡಿದರು. ಮೂವತ್ತೆರಡರಲ್ಲಿ ಒಂದಕ್ಕೂ ಸಹಿ ಬಿದ್ದಿರಲಿಲ್ಲ. ಕೆಲಸದವರು ನಾಚಿಕೆ ಸ್ವಭಾವದವರು, ನಿಮ್ಮ ಎದುರಿಗೇ ಹಾಕಬೇಕೆಂದು ಆಸೆಪಟ್ಟಿದ್ದಾರೆ ಅಂತ ಮ್ಯಾನೇಜರು ಹೇಳಿದನಂತೆ. ಇದನ್ನು ದೊಡ್ಡಮ್ಮ ತನ್ನ ಮಗ್ಗದ ಹತ್ತಿರ ನಿಂತು ನನಗೆ ಚೀಟಿಯಲ್ಲಿ ಬರೆದು ತೋರಿಸಿದಳು. ಆಮೇಲೆ ಆಯುಕ್ತೆ ಸಿಬ್ಬಂದಿ ಅಧಿಕಾರಿಯ ಜೊತೆ ಆಚೆ ತುದಿಯ ಶೌಚಾಲಯ ನೋಡಲು ಹೋದರು. ಕೋಣೆಯಲ್ಲಿ ಉಳಿದವರು ಮ್ಯಾನೇಜರು ಮತ್ತು ಹಿರಿಯ ಗುಮಾಸ್ತ. ಗುಮಾಸ್ತನ ಬೆನ್ನು ನಮ್ಮ ಕಡೆಗಿತ್ತು, ಮ್ಯಾನೇಜರನ ಮುಖ.

ದೊಡ್ಡಮ್ಮನ ಕೈ ಮಗ್ಗದ ಮೇಲೇ ಇತ್ತು, ಕಣ್ಣು ಮೇಲೆ ಹೋಯಿತು. ಸುತ್ತಲೂ ನೋಡಿದೆ. ಎಲ್ಲರ ಕೈ ಕೆಲಸದಲ್ಲಿ, ಎಲ್ಲರ ಕಣ್ಣು ಗಾಜಿನ ಮೇಲೆ. ಅವಳು ಚೀಟಿ ತಿರುವಿ ಒಂದೊಂದೇ ಸಾಲು ಬರೆಯತೊಡಗಿದಳು. ಫೋನಿನಲ್ಲಿ ಒಂದೇ ಕಡೆಯ ಮಾತು ಕೇಳಿದ ಹಾಗೆ.

ಆ ಹಳೇ ವಹಿ ಎಲ್ಲಿಟ್ಟಿದೀಯ?

ಬಣ್ಣದ ಗೋದಾಮಿನಲ್ಲಾ? ಡಬ್ಬಿಗಳ ಹಿಂದೆ?

ಬೇಡ ಬೇಡ, ಆ ಕುಂಟಿ ಅಲ್ಲಿಗೂ ಹೋಗಬಹುದು. ಊಟದ ಗಂಟೆ ಹೊಡೆದ ತಕ್ಷಣ ಬಾಯ್ಲರಿಗೆ ಹಾಕ್ಸು.

ಕೊನೆಯ ಸಾಲು ಬರೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು. ಗೆದ್ದಲು ತಿಂದ ವಹಿ ಬಣ್ಣದ ಡಬ್ಬಿಗಳ ಹಿಂದೆ ಕ್ಷೇಮವಾಗಿತ್ತು. ಊಟದ ಗಂಟೆಗೆ ಇನ್ನು ಇಪ್ಪತ್ತು ನಿಮಿಷ.

ನಾನು ಗೋದಾಮಿನ ಕಡೆ ಓಡಲು ಹೊರಟೆ. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿ, ತನ್ನ ಮಗ್ಗದ ಗುಂಡಿ ಒತ್ತಿದಳು. ಮಗ್ಗ ನಿಂತಿತು. ಆಚೆಯವನು ತನ್ನದನ್ನು ನಿಲ್ಲಿಸಿದ, ಅದರಾಚೆಯವಳು ತನ್ನದನ್ನು. ಯಾರೂ ಯಾರಿಗೂ ಏನೂ ಹೇಳಿದ್ದು ನನಗೆ ಕಾಣಲಿಲ್ಲ. ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಸಾಲು ಸಾಲಾಗಿ ನಲವತ್ತೆಂಟೂ ನಿಂತವು. ಪಾಳಿಯ ನಡುವೆ ಆ ಶೆಡ್ಡು ಅಷ್ಟೂ ವರ್ಷದಲ್ಲಿ ಒಮ್ಮೆಯೂ ಹಾಗೆ ನಿಂತಿರಲಿಲ್ಲವಂತೆ. ಆ ನಿಶ್ಶಬ್ದಕ್ಕೆ ನಾನು ಬೆಚ್ಚಿದೆ. ಗಾಜಿನ ಕೋಣೆಯಿಂದ ಮ್ಯಾನೇಜರು ಓಡಿಬಂದ, ಆ ತುದಿಯಿಂದ ಆಯುಕ್ತೆ ಕೋಲು ಊರುತ್ತ ಬಂದರು.

ಏನಾಯಿತು ಅಂತ ಅವರು ಕೇಳಿದರು. ದೊಡ್ಡಮ್ಮ ಮುಂದೆ ಬಂದಳು. ಶೆಡ್ಡಿನವರ ದನಿ ಒಂದೋ ತೀರ ದೊಡ್ಡದು, ಇಲ್ಲವೇ ತೀರ ಸಣ್ಣದು. ಅವಳದು ಆಗ ಸಣ್ಣದಾಗಿತ್ತು, ಆ ಮೌನದಲ್ಲಿ ಗೋಡೆಯ ತನಕ ಕೇಳಿಸಿತು.

"ನಾನು ಹುಟ್ಟುಕಿವುಡಿ ಅಲ್ಲ ಮೇಡಂ. ಇವರೇ ಪರೀಕ್ಷೆ ಮಾಡಿ ಸೇರಿಸಿಕೊಂಡಿದ್ದು. ಆ ವಹಿ ಬಣ್ಣದ ಗೋದಾಮಲ್ಲಿ ಡಬ್ಬಿಗಳ ಹಿಂದೆ ಇದೆ. ಊಟದ ಗಂಟೆ ಆದಮೇಲೆ ಬಾಯ್ಲರಿಗೆ ಹಾಕಿಸ್ತಾರಂತೆ. ಇವರೇ ಹೇಳಿದ್ದು, ಈಗ."

ಮ್ಯಾನೇಜರು ಒಂದು ಕ್ಷಣ ಬಿಳಿಚಿಕೊಂಡ. ಆಮೇಲೆ ಅವನ ಮುಖದಲ್ಲಿ ನಿಜವಾದ ನಿರಾಳ ಕಂಡಿತು, ದಾರಿ ಹೊಳೆದಿತ್ತು. "ಮೇಡಂ, ನಾನು ಒಳಗಿದ್ದೆ, ಬಾಗಿಲು ಹಾಕಿತ್ತು. ಈಯಮ್ಮನಿಗೆ ಕಿವೀನೇ ಕೇಳಲ್ಲ. ಆಸ್ಪತ್ರೆಯವರೇ ಬರೆದುಕೊಟ್ಟಿದಾರೆ, ಎಪ್ಪತ್ತೊಂದು ಪರ್ಸೆಂಟು."

ಆಯುಕ್ತೆ ಅವನನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ಗಾಜನ್ನು ನೋಡಿದರು. ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜಿನ ಹತ್ತಿರ ನಿಂತು ತುಟಿ ಆಡಿಸಿದರು, ಮಾಮೂಲಿ ಮಾತಿನ ಹಾಗೆ, ಹಿಗ್ಗಿಸದೆ. ನನಗೊಂದು ಚೂರೂ ಕೇಳಲಿಲ್ಲ. ಮೂರನೇ ಸಾಲಿನವನೊಬ್ಬ ತನ್ನ ಮಗ್ಗದ ಅಡಿಯಿಂದ ಸ್ಟೂಲು ಎಳೆದುಕೊಂಡು ಹೋಗಿ ಅವರ ಬಾಗಿಲ ಮುಂದೆ ಇಟ್ಟ. ಇನ್ನೊಬ್ಬಳು ನೀರಿನ ಲೋಟ ತಂದಳು. ಆಯುಕ್ತೆ ಹೊರಗೆ ಬಂದು, ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಮ್ಯಾನೇಜರನಿಗೆ ಹೇಳಿದರು: "ಕಾಲು ನೋಯ್ತಿದೆ, ಒಂದು ಸ್ಟೂಲು, ಸ್ವಲ್ಪ ನೀರು ಸಿಗುತ್ತಾ ಅಂತ ಕೇಳಿದೆ. ನಿಮಗೆ ಕೇಳಿಸ್ತಾ?"

ಅವನಿಗೆ ಕೇಳಿಸಿರಲಿಲ್ಲ.

"ಹಾಗಾದ್ರೆ ಇವರು ನನ್ನ ಏನಂತ ಕರೆದ್ರು ಅನ್ನೋದೂ ನಿಮಗೆಲ್ಲ ಗೊತ್ತು" ಅಂದರು ಆಯುಕ್ತೆ, ದೊಡ್ಡಮ್ಮನ ಕಡೆ ತಿರುಗಿ. ದೊಡ್ಡಮ್ಮ ನೆಲ ನೋಡಿದಳು. ಬೇರೆ ಯಾರ ಮಾತಿಗೋ ಅವಳಿಗೆ ನಾಚಿಕೆಯಾಗಿತ್ತು. ನನ್ನ ಕೈಯಲ್ಲಿದ್ದ ಚೀಟಿಯನ್ನು ನಾನು ಮಡಿಸಿ ಇಟ್ಟುಕೊಂಡೆ.

ವಹಿ ಡಬ್ಬಿಗಳ ಹಿಂದೆಯೇ ಇತ್ತು. ಗೆದ್ದಲಿನ ಸುಳಿವೂ ಇಲ್ಲ, ಅಂಚಿಗೆ ಒಂದಿಷ್ಟು ನೀಲಿ ಬಣ್ಣ ತಾಗಿತ್ತು ಅಷ್ಟೆ. ಆಯುಕ್ತೆ ಸ್ಟೂಲಿನ ಮೇಲೆ ಕೂತೇ ಪುಟ ತಿರುವಿದರು. ಮೂವತ್ತೆರಡು ಜನರ ಹೆಸರೂ ಇದ್ದವು, ಇಪ್ಪತ್ತು ಅಡಿ, ಪಿಸುಮಾತು, ಎರಡೂ ಕಿವಿ ಸರಿ. ದೊಡ್ಡಮ್ಮನ ಹೆಸರಿನ ಮುಂದೆ ಮಾತ್ರ ಡಾಕ್ಟರು ಒಂದು ಸಾಲು ಹೆಚ್ಚು ಬರೆದಿದ್ದರು: "ನಾಳೆ ಬಾ ಎಂದು ಪಿಸುಗುಟ್ಟಿದ್ದಕ್ಕೆ ಎದ್ದು ಹೋದಳು. ಕಿವಿ ಅತ್ಯುತ್ತಮ."

ನಿಜವಾಗಿಯೂ ಎದ್ದು ಹೋಗಿದ್ದಿರಾ ಅಂತ ಆಯುಕ್ತೆ ಕೇಳಿದರು.

"ಮತ್ತೆ? ನಾಳೆ ಬಾ ಅಂದ್ರಲ್ಲ" ಅಂದಳು ದೊಡ್ಡಮ್ಮ. ಮೂವತ್ತೇಳು ವರ್ಷದ ಹಿಂದಿನ ಆ ದನಿ ಅವಳಿಗೆ ಇನ್ನೂ ಕೇಳುತ್ತಿತ್ತು ಅಂತ ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಅವಳು ಅತ್ತಳು, ಸಿಟ್ಟಿನಿಂದ, ಕಣ್ಣೊರೆಸಿಕೊಳ್ಳದೆ, ಮ್ಯಾನೇಜರನನ್ನೇ ನೋಡುತ್ತ.

ಇಲ್ಲಿಗೆ ಮುಗಿಸಿದರೆ ಓದಿದವರಿಗೆ ನೆಮ್ಮದಿಯಾಗಬಹುದು. ಆದರೆ ಪ್ರಶಸ್ತಿ ರದ್ದಾಗಲಿಲ್ಲ, ತಾಂತ್ರಿಕ ಕಾರಣದಿಂದ ಮುಂದೂಡಲಾಗಿದೆ. ಮೂವತ್ತೆರಡು ಜನರ ಪರಿಹಾರದ ಅರ್ಜಿ ನಾನೇ ಟೈಪು ಮಾಡಿದೆ. ಫಾರಂ ಅದೇ, ಒಂಬತ್ತನೇ ಪ್ರಶ್ನೆಯೂ ಅದೇ. ದೊಡ್ಡಮ್ಮ ಟ್ರಂಕಿನಿಂದ ಹಳೆಯ ಅರ್ಜಿ ತೆಗೆದು, ನೋಡಿಕೊಂಡು, ಅದೇ ಉತ್ತರವನ್ನು ಅಕ್ಷರ ಬಿಡದೆ ನಕಲು ಮಾಡಿದಳು. ಮಿಕ್ಕವರು ಅವಳದನ್ನು ನೋಡಿ ಬರೆದರು. ಪ್ರತಿದಿನ, ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ, ಮೂವತ್ತೆರಡು ಸಲ. ಈ ಸಲ ವಾಪಸು ಬಂದಿಲ್ಲ. ಪರಿಶೀಲನೆಯಲ್ಲಿದೆಯಂತೆ, ಕಚೇರಿಗಳ ಜಾಣಕಿವುಡಿಗೆ ಪರ್ಸೆಂಟು ಕಟ್ಟುವ ಆಸ್ಪತ್ರೆ ಇನ್ನೂ ಆಗಿಲ್ಲ.

ಬೆಂಕಿಯ ಗಂಟೆಗೆ ಆಯುಕ್ತೆಯ ಆದೇಶದಂತೆ ಶೆಡ್ಡಿನ ಗೋಡೆಗಳಿಗೆ ಎಂಟು ಕೆಂಪು ದೀಪ ಹಾಕಿದರು. ಗಂಟೆ ಹೊಡೆದರೆ ದೀಪ ಮಿನುಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಅವನು ಏಣಿ ಇಳಿದು ಹೋಗುವವರೆಗೂ ದೊಡ್ಡಮ್ಮ ನೋಡುತ್ತ ನಿಂತಿದ್ದಳಂತೆ. ಅರ್ಧ ದಿನ ಅಂತ ಮನೆಗೆ ಬಂದು ಮೂರು ಸಲ ಹೇಳಿದಳು. ಎರಡನೆಯ ಕಾನೂನಿನ ಕಾಲದಲ್ಲಿ ಮನೆಗೆ ಕಳಿಸಿದ್ದ ಆ ಒಬ್ಬಳ ನೆನಪಾಗಿತ್ತು ಅವಳಿಗೆ.

ಅದು ಆದೇಶದಂತೆ ಮಾಡಿದ್ದು. ತಾನಾಗಿಯೇ, ಯಾರೂ ಹೇಳದೆ ಕೇಳದೆ, ಗಿರಣಿ ಮಾಡಿದ ಬದಲಾವಣೆಯೂ ಒಂದಿದೆ. ತಪಾಸಣೆಯ ಮಾರನೇ ದಿನವೇ ಗಾಜಿನ ಕೋಣೆಯ ಮೂರು ಕಡೆಗೂ ಪರದೆ ಬಂತು. ಪರದೆಯ ಬಟ್ಟೆ ಇದೇ ಶೆಡ್ಡಿನದು. ಹದಿನಾಲ್ಕನೇ ಮಗ್ಗದ್ದು ಅಂತ ಅಂಚು ನೋಡಿಯೇ ದೊಡ್ಡಮ್ಮ ಗುರುತು ಹಿಡಿದಳು. ಕಚೇರಿಯವರು ಶೆಡ್ಡಿನಲ್ಲಿ ಓಡಾಡುವಾಗ ಈಗ ಬಾಯಿಗೆ ಫೈಲು ಅಡ್ಡ ಹಿಡಿದುಕೊಂಡು ಮಾತಾಡುತ್ತಾರೆ, ಇಡೀ ಆಫೀಸಿಗೇ ಹಲ್ಲುನೋವು ಬಂದ ಹಾಗೆ.

ಮೊನ್ನೆ ಅವಳು ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ನನ್ನನ್ನು ಕರೆದಳು. ಮೂವತ್ತೇಳು ವರ್ಷದಲ್ಲಿ ನಮಗೆ ಏನು ಅರ್ಥವಾಗುತ್ತೆ ಅಂತ ಒಬ್ಬನೂ ಕೇಳಿರಲಿಲ್ಲ, ಗೊತ್ತಾದ ದಿನವೇ ಬಾಯಿ ಮುಚ್ಚಿಕೊಂಡರು ನೋಡು ಅಂದಳು. ಅವಳ ದನಿ ತೀರ ಕೆಳಗಿಳಿದಿತ್ತು. ನಾನು ಎದ್ದು ಹತ್ತಿರ ಹೋದೆ.

"ನಿನ್ನ ಮೂರನೇ ಕಾನೂನಿನ ಪುಸ್ತಕ ಇದೆಯಲ್ಲ, ಅಡ್ಡಿ ಇಟ್ಟೋರು ಯಾರು ಅಂತ ಅದರಲ್ಲಿ ಬರ್‍ಕೋ" ಅಂದಳು. "ದಪ್ಪಕ್ಷರ ಮೀಸೆ ಬಿಡ್ತಿದಾನೆ."